ಕೆಮ್ಮದ ಅಜ್ಜಿ

ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಹೇಮಾಂಗಿ ಟಿಳೇಕರ್ ಅಂಟಿಸಿದ್ದ ಹಾಳೆಯಲ್ಲಿ ನಾಲ್ಕೇ ಸಾಲುಗಳಿದ್ದವು. ಅಂತರ ಕಾಲೇಜು ಏಕಾಂಕ ಸ್ಪರ್ಧೆಗೆ ಆಡಿಷನ್, ಶನಿವಾರ ಬೆಳಿಗ್ಗೆ ಎಂಟಕ್ಕೆ, ಹಳೆಯ ಸಭಾಗೃಹದಲ್ಲಿ. ನಿಮ್ಮ ವೇಳೆ ನಿಮ್ಮ ಚೀಟಿಯ ಮೇಲಿದೆ, ಅದಕ್ಕೆ ಹತ್ತು ನಿಮಿಷ ಮೊದಲು ಬಂದರೆ ಸಾಕು. ಪ್ರತಿಯೊಬ್ಬರಿಗೂ ನಾಲ್ಕು ನಿಮಿಷ. ಕೊನೆಯ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಳು: ಪೂರ್ತಿ ಕೇಳದೆ ಯಾರನ್ನೂ ವಾಪಸ್ ಕಳಿಸುವುದಿಲ್ಲ.

ಆ ಕೆಂಪು ಸಾಲು ಹುಡುಗರು ಓದಲಿ ಎಂದು ಬರೆದದ್ದಲ್ಲ. ಅದು ಕೌಸ್ತುಭ ದಾದಾನಿಗೆ.

ಎಲ್ಲರೂ ದಾದಾ, ಅಂದರೆ ಅಣ್ಣ, ಎಂದು ಕರೆಯುವ ಕೌಸ್ತುಭ ಪೆಂಡ್ಸೆ ಕಾಲೇಜು ಮುಗಿಸಿ ಒಂಬತ್ತು ವರ್ಷವಾಗಿತ್ತು. ಓದುವಾಗ ಒಮ್ಮೆ ಸ್ಪರ್ಧೆ ಗೆದ್ದಿದ್ದ. ಆ ಗೆಲುವಿನ ಫೋಟೋ ಕಲಾಮಂಡಲದ ಕೋಣೆಯಲ್ಲಿ ಗಣಪತಿಯ ಪಕ್ಕದಲ್ಲೇ ತೂಗುತ್ತಿತ್ತು, ಹಾರವೂ ಇಬ್ಬರಿಗೂ ಒಂದೇ ದಿನ ಬದಲಾಗುತ್ತಿತ್ತು. ಅಂದಿನಿಂದ ಪ್ರತಿ ಜುಲೈನಲ್ಲಿ ಜಾಹೀರಾತು ಕಂಪನಿಯ ಕೆಲಸಕ್ಕೆ ಅರ್ಧ ರಜೆ ಹಾಕಿ ಬಂದು ನಾಟಕ ನಿರ್ದೇಶಿಸುತ್ತಿದ್ದ. ಬೇರೆ ಯಾರಾದರೂ ನಿರ್ದೇಶಿಸಬಹುದೇ ಎಂದು ಯಾರೂ ಕೇಳಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಎರಡು ವರ್ಷದ ಹಿಂದೆ, ಹೇಮಾಂಗಿ ಮೊದಲನೇ ವರ್ಷದಲ್ಲಿದ್ದಾಗ, ಚೀಟಿಯೂ ಇರಲಿಲ್ಲ, ವೇಳೆಯೂ ಇರಲಿಲ್ಲ. ಎಂಟಕ್ಕೆ ಬಂದವಳು ಮೆಟ್ಟಿಲ ಮೇಲೆ ಕೂತೇ ಇದ್ದಳು. ತಿಂದ ಅವಲಕ್ಕಿ ಕರಗಿ, ಕಲಿತ ಸಾಲು ಮರೆತು, ಮತ್ತೆ ನೆನಪಾಗಿ, ಸಂಜೆ ಐದಕ್ಕೆ ಅವಳ ಸರದಿ ಬಂತು. ಮೂರು ವಾಕ್ಯ ಹೇಳಿದ್ದಳು, ಅಷ್ಟರಲ್ಲಿ ಕೌಸ್ತುಭ ಕೈ ಎತ್ತಿದ್ದ.

"ಇದು ಮಂಡಯಿ ಗಂಟಲು ಕಣಮ್ಮ. ಕೊತ್ತಂಬರಿ ಮಾರೋಕೆ ಸರಿ. ಬ್ಯಾಕ್‌ಸ್ಟೇಜಿಗೆ ಹೋಗು, ಅಲ್ಲಿ ಕೂಗೋರು ಬೇಕಾಗ್ತಾರೆ."

ಇಡೀ ಸಭಾಗೃಹ ನಕ್ಕಿತ್ತು. ಹೇಮಾಂಗಿಯ ಅಜ್ಜಿ, ಅವಳು ಆಜಿ ಎನ್ನುವ ತಾನಾಬಾಯಿ, ಐವತ್ತು ವರ್ಷದಿಂದ ಊರಿನ ದೊಡ್ಡ ಮಾರುಕಟ್ಟೆಯಾದ ಮಂಡಯಿಯಲ್ಲಿ ಸೊಪ್ಪು ತರಕಾರಿ ಮಾರುತ್ತಾಳೆಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದನೇನೋ. ಹುಡುಗಿ ಸಿಟ್ಟಿನಿಂದಲೇ ಬ್ಯಾಕ್‌ಸ್ಟೇಜಿಗೆ ಹೋದಳು, ಹೋದ ಮೇಲೆ ಅಲ್ಲೇ ಬೇರು ಬಿಟ್ಟಳು. ಯಾವ ದೀಪ ಯಾವಾಗ, ಯಾವ ಕುರ್ಚಿ ಎಲ್ಲಿ, ಯಾರಿಗೆ ಯಾವ ಸಾಲಿನಲ್ಲಿ ನಾಲಿಗೆ ತೊಡರುತ್ತದೆ, ಎಲ್ಲವೂ ಅವಳ ನೀಲಿ ಫೈಲಿನಲ್ಲಿತ್ತು. ಈ ವರ್ಷ ಅವಳೇ ಸ್ಟೇಜ್ ಮ್ಯಾನೇಜರ್. ನಟಿಯಾಗುವ ಆಸೆ ಎಂದೋ ಆರಿಹೋಗಿತ್ತು. ಆ ನಗು ಮಾತ್ರ ಕಿವಿಯಿಂದ ಹೋಗಿರಲಿಲ್ಲ.

ಇನ್ನು ಈ ಸಲದ ನಾಟಕ. ಅದರಲ್ಲಿ ತರಕಾರಿ ಮಾರುವ ಎಪ್ಪತ್ತರ ಅಜ್ಜಿ. ಅವಳ ಕಟ್ಟೆಯನ್ನು ಪಾರ್ಕಿಂಗ್ ಕಟ್ಟಡದ ಹಿಂದಕ್ಕೆ ಎತ್ತಿಹಾಕಲು ಮಹಾನಗರಪಾಲಿಕೆಯವರು ಸಹಿ ಕೇಳುತ್ತಾರೆ, ಅವಳು ಹಾಕುವುದಿಲ್ಲ. ಮಂಡಯಿ ಗಂಟಲನ್ನು ಹೊರದಬ್ಬಿದವನೇ ಮಂಡಯಿಯ ನಾಟಕ ಹಿಡಿದುಕೊಂಡು ಬಂದಿದ್ದ. ಹೇಮಾಂಗಿ ಅದನ್ನು ಓದಿ ಮುಗಿಸಿ ಒಬ್ಬಳೇ ನಕ್ಕಿದ್ದಳು.

ಶುಕ್ರವಾರ ಹೆಸರು ಬರೆಸಿಕೊಳ್ಳಲು ಅವಳು ಕಾರಿಡಾರಿನಲ್ಲಿ ಮೇಜು ಹಾಕಿ ಕೂತಿದ್ದಳು. ಒಂದು ಕಡೆ ಚೀಟಿ, ಒಂದು ಕಡೆ ಅರ್ಜಿ, ಓದಬೇಕಾದ ದೃಶ್ಯದ ಪ್ರತಿಗಳು ಹಾರಿಹೋಗದಂತೆ ಅದರ ಮೇಲೊಂದು ಬೀಗ. ಸಾಲಿನಲ್ಲಿ ಹದಿನೆಂಟರ, ಹತ್ತೊಂಬತ್ತರ ಮುಖಗಳ ನಡುವೆ ಅಚ್ಚುಕಟ್ಟಾಗಿ ಸೀರೆ ಉಟ್ಟು, ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡ ಒಬ್ಬ ಹೆಂಗಸು ನಿಂತಿದ್ದರು.

"ಕಾಕು, ಫೀ ಕಟ್ಟೋ ಕೌಂಟರ್ ಆ ಕಡೆ," ಎಂದ ಹಿಂದಿದ್ದ ಹುಡುಗ, ಚಿಕ್ಕಮ್ಮನನ್ನು ಕರೆಯುವಂತೆ.

"ನನ್ನ ಫೀ ಜೂನಲ್ಲೇ ಕಟ್ಟಾಯ್ತಪ್ಪಾ. ನಿಂದಾಯ್ತಾ?"

ಹುಡುಗ ಚಪ್ಪಲಿ ನೋಡಿಕೊಂಡ. ಹೆಂಗಸು ಮೇಜಿನ ಮೇಲೆ ಕಾಲೇಜಿನ ಗುರುತಿನ ಚೀಟಿ ಇಟ್ಟರು. ಶಾಲನ್ ಕುದಳೆ, ಮೊದಲನೇ ವರ್ಷದ ಬಿ.ಎ. ವಯಸ್ಸು ಐವತ್ತನಾಲ್ಕು. ಮೂವತ್ತು ವರ್ಷ ಮನೆಯಲ್ಲಿ ಚಪಾತಿ ಲಟ್ಟಿಸಿ ಅರ್ಧ ಪೇಟೆಯ ಊಟದ ಡಬ್ಬಿ ತುಂಬಿಸಿ, ಕೊನೆಯ ಮಗಳ ಮದುವೆ ಮುಗಿಸಿ, ಮಾರನೆಯ ವಾರ ಬಂದು ಕಾಲೇಜಿಗೆ ಹೆಸರು ಹಚ್ಚಿದ್ದರು. ಸೇರುವ ಹಿಂದಿನ ದಿನ ಜೀವನದಲ್ಲಿ ಮೊದಲ ಸಲ ಕೂದಲಿಗೆ ಬಣ್ಣ ಹಚ್ಚಿಸಿದ್ದರು. ಕ್ಯಾಂಟೀನಿನಲ್ಲಿ ಇದನ್ನೆಲ್ಲ ಅವರೇ ನಗುನಗುತ್ತ ಹೇಳಿಕೊಂಡಿದ್ದರಿಂದ ಹೇಮಾಂಗಿಗೂ ಗೊತ್ತಿತ್ತು.

"ಯಾವ ಪಾತ್ರಕ್ಕೆ ಕಾಕು?"

"ಅಜ್ಜಿಗೇ. ಕಾಲೇಜು ಹುಡುಗಿ ಪಾತ್ರ ಕೊಟ್ರೂ ಮಾಡ್ತೀನಿ, ನೀವು ಕೊಡಲ್ಲ."

"ಯಾವ್ಯಾವ ಸಂಜೆ ನಿಮಗೆ ಬಿಡುವಿರಲ್ಲ? ಇಲ್ಲಿ ಬರೀಬೇಕು."

"ಮೂವತ್ತು ವರ್ಷ ಯಾವ ಸಂಜೇನೂ ಬಿಡುವಿರಲಿಲ್ಲ ಕಣೇ. ಈಗ ಎಲ್ಲಾ ಸಂಜೆ ಬಿಡುವು ಅಂತ ಬರ್ಕೋ."

ಹೇಮಾಂಗಿ ಬರೆದುಕೊಂಡಳು. ಚೀಟಿ ಇಪ್ಪತ್ತಮೂರು, ವೇಳೆ ಹತ್ತೂ ಐದು.

ಶನಿವಾರ ಎಲ್ಲ ಗಡಿಯಾರದಂತೆ ನಡೆಯಿತು. ನೆಲದ ಮೇಲೆ ಬಿಳಿ ಟೇಪಿನ ಗುರುತು, ಅದರ ಎದುರಿಗೆ ಕೌಸ್ತುಭನ ಮೇಜು, ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದ ಹೇಮಾಂಗಿ. ಎದುರು ಪಾತ್ರದ ಮಾತುಗಳನ್ನು ಎಲ್ಲರಿಗೂ ಅವಳೇ ಓದುತ್ತಿದ್ದಳು, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ ಎಂಬಂತೆ ಒಂದೇ ದನಿಯಲ್ಲಿ. ಹೊರಗೆ ಯಾರೂ ಮೆಟ್ಟಿಲ ಮೇಲೆ ಕೂತು ಒಣಗುತ್ತಿರಲಿಲ್ಲ. ಅದನ್ನು ನೋಡಿಯೇ ಅವಳ ಅರ್ಧ ಹೊಟ್ಟೆ ತುಂಬಿತ್ತು.

ಆದರೆ ಆ ಅಜ್ಜಿಯರು! ಆ ಪಾತ್ರಕ್ಕೆ ಬಂದ ಹುಡುಗಿಯರಲ್ಲಿ ಒಬ್ಬಳೂ ನೆಟ್ಟಗೆ ನಿಲ್ಲಲಿಲ್ಲ. ಎಲ್ಲರೂ ಸೊಂಟ ಬಗ್ಗಿಸಿದರು, ಕೈ ನಡುಗಿಸಿದರು, ಮತ್ತು ಕೆಮ್ಮಿದರು. ಗೊರಕೆಯಂಥ ಕೆಮ್ಮು, ಶಿಳ್ಳೆಯಂಥ ಕೆಮ್ಮು, ಕೆಮ್ಮಿನ ಮೇಲೊಂದು ನಿಟ್ಟುಸಿರು. ಈ ಕಾಲೇಜಿನಲ್ಲಿ ಅಜ್ಜಿ ಎಂದರೆ ತಲೆಗೆ ಪೌಡರು, ಗಂಟಲಿಗೆ ಕೆಮ್ಮು. ಕಲಾಮಂಡಲದ ಟ್ರಂಕಿನಲ್ಲಿ ಅದಕ್ಕೆಂದೇ ಒಂದು ದೊಡ್ಡ ಪೌಡರ್ ಡಬ್ಬಿಯಿತ್ತು, ಸಾಮಾನಿನ ಪಟ್ಟಿಯಲ್ಲಿ ಪ್ರತಿ ವರ್ಷ ಮೊದಲ ಸಾಲು ಅದರದ್ದೇ. ಕಳೆದ ವರ್ಷ ಆ ಡಬ್ಬಿಯನ್ನು ಅರ್ಧ ಖಾಲಿ ಮಾಡಿ ಬಹುಮಾನ ತಂದ ಪೂರ್ವಾ ಲಿಮಯೆ ಈ ಸಲವೂ ಬಂದಿದ್ದಳು. ಒಳ್ಳೆಯ ಹುಡುಗಿ, ಕಷ್ಟಪಡುವವಳು. ಅವಳ ಕೆಮ್ಮು ಹದಿನೈದು ಸೆಕೆಂಡ್ ನಡೆಯಿತು. ಕೌಸ್ತುಭ ಕಣ್ಣು ಮುಚ್ಚಿ ಭೀಮಪಲಾಸಿ ರಾಗ ಕೇಳುವವನಂತೆ ಕೇಳಿದ.

ಹತ್ತೂ ಐದಕ್ಕೆ ಶಾಲನ್‌ಕಾಕು ಬಿಳಿ ಟೇಪಿನ ಮೇಲೆ ಬಂದು ಕುಳಿತರು. ನಿಲ್ಲಲಿಲ್ಲ, ಕುಳಿತರು. ಬಗ್ಗಲಿಲ್ಲ, ನಡುಗಲಿಲ್ಲ. ಇಲ್ಲದ ಬುಟ್ಟಿಯನ್ನು ಮೊಣಕಾಲಿನಿಂದ ಪಕ್ಕಕ್ಕೆ ಸರಿಸಿ, ಇಲ್ಲದ ಸೊಪ್ಪಿಗೆ ನೀರು ಚಿಮುಕಿಸುತ್ತ ಓದತೊಡಗಿದರು. ಆ ಮೊಣಕಾಲು ಹೇಮಾಂಗಿಯ ಆಜಿಯದ್ದೇ.

"ನಿಲ್ಸಿ, ನಿಲ್ಸಿ," ಎಂದ ಕೌಸ್ತುಭ. "ಚೆನ್ನಾಗಿ ಓದಿದ್ರಿ ಕಾಕು. ಆದ್ರೆ ವಯಸ್ಸು ಕಾಣಿಸ್ಲಿಲ್ಲ."

ಶಾಲನ್‌ಕಾಕು ತಮ್ಮನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡಿಕೊಂಡರು. "ನನಗೆ ಐವತ್ನಾಲ್ಕು."

"ಅಯ್ಯೋ, ಪಾತ್ರದ ವಯಸ್ಸು. ಸ್ವಲ್ಪ ಬಗ್ಗಿ. ಕೈ ನಡುಗ್ಲಿ. ನಡುವೆ ಒಂದೆರಡು ಸಲ ಕೆಮ್ಮಿ."

"ಯಾಕೆ ಕೆಮ್ಮಬೇಕು?"

"ಮುದುಕಿ ಅಲ್ವಾ!"

"ಮುದುಕಿ ಅಂತ ಬರ್ದಿದೆ. ಕ್ಷಯ ಅಂತ ಬರ್ದಿಲ್ಲ."

ಬಾಗಿಲ ಬಳಿ ಯಾರೋ ಕಿಸಕ್ಕನೆ ನಕ್ಕರು. ಕೌಸ್ತುಭನ ಕಿವಿ ಕೆಂಪಾಯಿತು. "ಆಯ್ತು ಕಾಕು, ಥ್ಯಾಂಕ್ಸ್. ಮುಂದಿನವರು."

ಸ್ಟಾಪ್‌ವಾಚ್ ಒಂದೂವರೆ ನಿಮಿಷ ತೋರಿಸುತ್ತಿತ್ತು. ಹೇಮಾಂಗಿ ಆಗಲೇ ಬಾಯಿ ಬಿಡಬೇಕಿತ್ತು. ಕೆಂಪು ಶಾಯಿ ಅವಳದ್ದು, ಕೈ ಬರಹ ಅವಳದ್ದು, ಆದರೆ ಅವಳು ತಲೆ ತಗ್ಗಿಸಿ ಮುಂದಿನ ಹೆಸರು ಹುಡುಕಿದಳು. ಎರಡು ವರ್ಷದ ಹಿಂದಿನ ಅದೇ ಸಭಾಗೃಹ, ಅದೇ ಎತ್ತಿದ ಕೈ. ಶಾಲನ್‌ಕಾಕು ಹೋಗುವಾಗ ಚೀಟಿಯನ್ನು ಅವಳ ಮುಂದಿಟ್ಟರು.

"ನಾಲ್ಕು ನಿಮಿಷ ಅಂತ ಬರ್ದಿದ್ಯಲ್ಲೇ," ಎಂದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೇಮಾಂಗಿಗೆ ನಾಚಿಕೆಯಾಯಿತು, ತನ್ನ ಮೇಲೆಯೇ ಅಸಹ್ಯವಾಯಿತು.

ಮಧ್ಯಾಹ್ನ ಎರಡಕ್ಕೆ ಕೊನೆಯವನೂ ಓದಿ ಹೋದ. ಕಲಾಮಂಡಲದ ಕೋಣೆಯಲ್ಲಿ ಕೌಸ್ತುಭ ಎರಡನೇ ಸುತ್ತಿನ ಪಟ್ಟಿ ಹೇಳುತ್ತಿದ್ದ, ಹೇಮಾಂಗಿ ಬರೆಯುತ್ತಿದ್ದಳು. ಪೂರ್ವಾ ಕಿಟಕಿಯ ಬಳಿ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು.

"ಅಜ್ಜಿಗೆ ಪೂರ್ವಾ, ಮತ್ತೆ ಹನ್ನೊಂದನೇ ನಂಬರ್. ಇಪ್ಪತ್ತಮೂರು ಹೊಡೆದು ಹಾಕು."

"ಇಪ್ಪತ್ತಮೂರು ಇನ್ನೂ ಮುಗಿದಿಲ್ಲ, ದಾದಾ."

"ಮುಗೀತಲ್ಲ, ನಾನೇ ಕಳಿಸ್ದೆ."

"ಒಂದೂವರೆ ನಿಮಿಷಕ್ಕೆ ನಿಲ್ಲಿಸಿದ್ರಿ. ನೋಟಿಸಲ್ಲಿ ನಾಲ್ಕು ಅಂತಿದೆ. ಇನ್ನೂ ಎರಡೂವರೆ ನಿಮಿಷ ಅವರದ್ದು."

ಕೌಸ್ತುಭ ಪೆನ್ನಿನ ಮುಚ್ಚಳ ಹಾಕಿದ. "ನೋಡು ಟಿಳೇಕರ್, ಇದು ವಿದ್ಯಾರ್ಥಿ ರಂಗಭೂಮಿ. ವಿದ್ಯಾರ್ಥಿ ಹುಮ್ಮಸ್ಸಿರಬೇಕು. ಆಕೆ ಪರದೆ ಮುಂದೆ ಬಂದ್ರೆ ತೀರ್ಪುಗಾರರು ಹೊರಗಿನ ಕಲಾವಿದೆ ತಂದಿದ್ದಾರೆ ಅಂತಾರೆ."

"ನಿಯಮ ಹದಿನೇಳಿವೆ, ಓದ್ಲಾ? ಕಾಲೇಜಿನ ವಿದ್ಯಾರ್ಥಿ ಆಗಿರಬೇಕು ಅಂತಿದೆ. ವಯಸ್ಸಿನ ಮಾತೇ ಇಲ್ಲ." ಅವಳ ದನಿ ತಾನಾಗಿ ಏರತೊಡಗಿತು, ಇಳಿಸುವ ಮನಸ್ಸೂ ಬರಲಿಲ್ಲ. "ಹೊರಗಿನವರ ಮಾತು ಬಂತಲ್ಲ, ಹೇಳ್ತೀನಿ. ಶಾಲನ್‌ಕಾಕು ಹತ್ರ ಐಡಿ ಇದೆ. ನನ್ನ ಹತ್ರ ಇದೆ, ಪೂರ್ವಾ ಹತ್ರ ಇದೆ. ಈ ಕೋಣೇಲಿ ಐಡಿ ಇಲ್ಲದವರು ನೀವೊಬ್ರೇ. ದಿನಾ ಗೇಟಲ್ಲಿ ಸಂದರ್ಶಕರ ಪುಸ್ತಕಕ್ಕೆ ಸಹಿ ಹಾಕಿ ಒಳಗೆ ಬರ್ತೀರಿ."

ಪೂರ್ವಾ ಬಾಯಿಗಿಟ್ಟ ತುತ್ತನ್ನು ಅಗಿಯುವುದನ್ನೇ ಮರೆತಳು. ಗೋಡೆಯ ಮೇಲಿನ ಫೋಟೋದಲ್ಲಿ ಒಂಬತ್ತು ವರ್ಷ ಚಿಕ್ಕವನಾದ, ತಲೆತುಂಬ ಕೂದಲಿದ್ದ ಕೌಸ್ತುಭ ಗೆದ್ದ ಟ್ರೋಫಿ ಎತ್ತಿ ಹಿಡಿದು ನಗುತ್ತಿದ್ದ. ಕೆಳಗಿದ್ದವನು ನಗುತ್ತಿರಲಿಲ್ಲ.

"ಇಲ್ಲಿ ನಿರ್ದೇಶಕ ಯಾರು?"

"ನೀವೇ. ಯಾರು ಆಡಬೇಕು ಅಂತ ನೀವು ಹೇಳಿ, ನಾನು ಬಾಯಿ ಹಾಕಲ್ಲ. ಆದ್ರೆ ಯಾರು ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಓದ್ತಾರೆ ಅನ್ನೋದು ನನ್ನ ಕೆಲಸ. ಕೆಳಗೆ ಸಹಿ ನನ್ನದು. ಇಪ್ಪತ್ತಮೂರು ಇಲ್ಲದ ಪಟ್ಟಿಗೆ ನಾನು ಸಹಿ ಹಾಕಲ್ಲ."

"ನಾಳೆ ಬೇರೆಯವರನ್ನ ಹುಡುಕ್ತೀನಿ."

"ಹುಡುಕಿ." ಹೇಮಾಂಗಿ ನೀಲಿ ಫೈಲನ್ನು ಮೇಜಿನ ನಡುವೆ ಇಟ್ಟಳು. "ಇದನ್ನ ಬಿಚ್ಚಿ ಅರ್ಥ ಮಾಡ್ಕೊಳ್ಳೋಕೆ ಅವನಿಗೆ ಹದಿನೈದು ದಿನ ಬೇಕು. ಸ್ಪರ್ಧೆಗೆ ಇಪ್ಪತ್ತೆಂಟೇ ದಿನ ಇದೆ."

ಕೌಸ್ತುಭ ಫೈಲನ್ನು ನೋಡಿದ. ಮುಟ್ಟಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದಾರಿ ಹುಡುಕುತ್ತಿದ್ದ.

"ಎರಡೂವರೆ ನಿಮಿಷ," ಎಂದ ಕೊನೆಗೆ. "ಒಂದು ಸೆಕೆಂಡ್ ಜಾಸ್ತಿ ಇಲ್ಲ. ನಿನ್ನ ಕಾಕು ಏನೂ ಮಾಡಿ ತೋರಿಸ್ಲಿಲ್ವೋ, ಅವರ ಜೊತೆ ನೀನೂ ಫೈಲ್ ಇಟ್ಟು ಹೊರಡು."

"ಆಗ್ಲಿ. ಒಂದು ಸೆಕೆಂಡ್ ಜಾಸ್ತಿ ಇಲ್ಲ," ಎಂದು ಹೇಮಾಂಗಿ ಅದನ್ನೂ ಬರೆದುಕೊಂಡಳು.

ಭಾನುವಾರ ಸಭಾಗೃಹ ಯಾವುದೋ ಬ್ಯಾಂಕಿನ ಪರೀಕ್ಷೆಗೆ ಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಹೇಮಾಂಗಿ ಶನಿವಾರ ಸಂಜೆಯೇ ಎಲ್ಲರಿಗೂ ಸಂದೇಶ ಕಳಿಸಿದಳು: ಎರಡನೇ ಸುತ್ತು ನಾಳೆ ಮಧ್ಯಾಹ್ನ ಮೂರಕ್ಕೆ, ಮಂಡಯಿ, ಹೂವಿನವರ ಕಡೆಯ ಬಾಗಿಲು. ಕೌಸ್ತುಭ ಗೊಣಗುತ್ತಾನೆಂದು ಕಾದಿದ್ದಳು. ಅವನು ಕುಣಿದೇಬಿಟ್ಟ. ರಾತ್ರಿಯೊಳಗೆ ಇಡೀ ಗುಂಪಿಗೆ ಗೊತ್ತಾಯಿತು, ನಿಜವಾದ ಜಾಗದಲ್ಲಿ ಆಡಿಸುವ ಈ ಅದ್ಭುತ ಯೋಚನೆ ದಾದಾನದ್ದೇ ಎಂದು. ಇರಲಿ ಬಿಡು ಎಂದುಕೊಂಡಳು ಹೇಮಾಂಗಿ. ಅವನು ತಾನಾಗಿ ಬಂದರೆ ಸಾಕಾಗಿತ್ತು.

ಮೂರು ಗಂಟೆ ಎಂದರೆ ಮಂಡಯಿ ಸ್ವಲ್ಪ ಕಾಲು ಚಾಚುವ ಹೊತ್ತು. ಮಾಡಿನಡಿಯ ಕಟ್ಟೆಗಳ ಮೇಲೆ ಕೆಲವರು ಕೂತಲ್ಲೇ ತೂಕಡಿಸುತ್ತಿದ್ದರು. ಹಾಗೆಂದು ಗಲಾಟೆಯೇನೂ ನಿಂತಿರಲಿಲ್ಲ, ಅಲ್ಲಿ ಅದು ನಿಲ್ಲುವುದೇ ಇಲ್ಲ. ತಾನಾಬಾಯಿ ಆಜಿ ತನ್ನ ಕಟ್ಟೆಯ ಮೇಲೆ ಗೋಪುರದ ಹಾಗೆ ಕೂತಿದ್ದಳು. ಎಪ್ಪತ್ತಾರು ವರ್ಷ, ಬೆನ್ನು ನೆಟ್ಟಗೆ, ಹಣೆಯ ಮೇಲೆ ರೂಪಾಯಿ ಅಗಲದ ಕುಂಕುಮ. ಪಕ್ಕದ ಕಟ್ಟೆಯವಳು ಪಂಢರಪುರಕ್ಕೆ ಹೋಗಿದ್ದರಿಂದ ಅದು ಖಾಲಿಯಿತ್ತು. ಅದೇ ಇವತ್ತಿನ ರಂಗಮಂಚ.

ಹನ್ನೊಂದನೇ ನಂಬರಿನ ಹುಡುಗಿಯ ಒಂದು ಮಾತೂ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಪೂರ್ವಾ ಹತ್ತಿದಳು. ತಲೆಗೆ ಮನೆಯಿಂದಲೇ ಪೌಡರು ಹಾಕಿಕೊಂಡು ಬಂದಿದ್ದಳು ಪಾಪ. ಸೊಂಟ ಬಗ್ಗಿಸಿ, ಎರಡು ಸಾಲು ಹೇಳಿ, ಕೆಮ್ಮತೊಡಗಿದಳು. ಕೆಮ್ಮಿದಳು, ಇನ್ನೂ ಕೆಮ್ಮಿದಳು. ಆಜಿಯ ಬಳಿ ಕೊತ್ತಂಬರಿ ಆರಿಸುತ್ತಿದ್ದ ಹೆಂಗಸು ಕಟ್ಟನ್ನು ಮೆಲ್ಲಗೆ ಕೆಳಗಿಟ್ಟು, ಸೆರಗು ಮೂಗಿಗೆ ಹಿಡಿದು ಮುಂದೆ ಹೋದಳು.

"ಏ ಹೇಮಾ!" ಆಜಿಯ ದನಿ ಎದ್ದಿತು. "ಆ ಪೋರಿಗೆ ಏನಾಗೇತಿ? ಮದ್ಲ ನೀರ ಕೊಡ."

"ಏನೂ ಆಗಿಲ್ಲ ಆಜಿ, ನಾಟಕ ಅದು."

"ನಾಟಕದಾಗ ಯಾರ ಸಾಯಾಕತ್ತಾರ?"

"ಯಾರೂ ಸಾಯಂಗಿಲ್ಲ. ಆಕಿ ಕಾಯಿಪಲ್ಲೆ ಮಾರೋ ಮುದುಕಿ."

ಆಜಿ ಪೂರ್ವಾಳನ್ನು ತಲೆಯಿಂದ ಕಾಲಿನವರೆಗೂ ನೋಡಿದಳು. ಆಸುಪಾಸಿನ ಕಟ್ಟೆಗಳವರೆಲ್ಲ ತೂಕಡಿಕೆ ಬಿಟ್ಟು ಇತ್ತ ತಿರುಗಿದ್ದರು.

"ಕಾಯಿಪಲ್ಲೆ ಮ್ಯಾಲ ಕೆಮ್ಮಿದ್ರ ಯಾರ ತೊಗೋತಾರ ನನ್ನವ್ವ? ಐವತ್ತ ವರ್ಷ ಆತು ನಾ ಇಲ್ಲಿ ಕುಂತು. ಕೆಮ್ಮ ಬಂದ್ರ ನುಂಗಿ ಕುಂಡರತೀನಿ. ಮನಿಗೆ ಹೋಗಿ ಕೆಮ್ಮತೀನಿ."

ಯಾರೂ ನಗಲಿಲ್ಲ. ಪೂರ್ವಾ ಬಗ್ಗಿದ್ದವಳು ಹಾಗೇ ನಿಧಾನವಾಗಿ ನೆಟ್ಟಗಾದಳು. ಮುಖ ಕೆಂಪಾಗಿತ್ತು. "ಆಜಿ, ನನಗೆ ಯಾರೂ ಹೇಳ್ಲೇ ಇಲ್ಲ," ಎಂದಳು. ಆಜಿ ಅವಳ ಕೈಗೊಂದು ಸೌತೆಕಾಯಿ ಕೊಟ್ಟಳು. ಹುಡುಗಿ ಕಟ್ಟೆಯಿಂದಿಳಿದು ತಲೆಯ ಪೌಡರು ಕೊಡವಿಕೊಂಡು ಸೌತೆಕಾಯಿ ಕಚ್ಚಿದಳು.

"ಇಪ್ಪತ್ತಮೂರು," ಎಂದಳು ಹೇಮಾಂಗಿ. ಈ ಎರಡೂವರೆ ನಿಮಿಷ ಹಾಳಾದರೆ ಶಾಲನ್‌ಕಾಕು ಮತ್ತೆ ಯಾವ ನೋಟಿಸ್ ಬೋರ್ಡಿನ ಹತ್ತಿರವೂ ಬರುವುದಿಲ್ಲ, ತಾನು ಮತ್ತೆ ಈ ಫೈಲನ್ನು ಮುಟ್ಟುವುದಿಲ್ಲ. ಸ್ಟಾಪ್‌ವಾಚ್ ಒತ್ತಿ, ಪಾಲಿಕೆಯ ಅಧಿಕಾರಿಯ ಸಾಲು ಓದಿದಳು.

"ಅಜ್ಜಿ, ಇಲ್ಲೊಂದು ಸಹಿ ಹಾಕಿ."

ಶಾಲನ್‌ಕಾಕು ಕಟ್ಟೆಯ ಮೇಲೆ ಕಾಲು ಮಡಚಿ ಕೂತಿದ್ದರು. ಆಜಿ ಕೇಳದೆಯೇ ಒಂದು ಮೊರದ ತುಂಬ ಮೆಂತ್ಯದ ಕಟ್ಟುಗಳನ್ನು ಅವರ ಕಡೆ ತಳ್ಳಿದಳು. ಅವರು ಹಳದಿ ಎಲೆ ಚಿವುಟುತ್ತ, ಮುಖ ಎತ್ತದೆ ಹೇಳಿದರು:

"ಮೊದ್ಲು ಏನು ಬೇಕು ಹೇಳಿ. ಬೆಂಡೇಕಾಯಾ, ಹೀರೇಕಾಯಾ?"

"ಏನೂ ಬೇಡ. ಸಹಿ ಬೇಕು."

"ಕೊಳ್ಳದೋರು ಪಕ್ಕಕ್ಕೆ ನಿಲ್ಲಿ. ಇಷ್ಟು ಜನ ಬರೀ ಕೈಲಿ ನಿಂತ್ರೆ ಕಾಯಿ ಕೊಳೆತಿದೆ ಅಂದ್ಕೋತಾರೆ."

ದನಿ ಎತ್ತಲಿಲ್ಲ, ಆದರೂ ಹೂವಿನವರ ಕಡೆಯವರೆಗೆ ಕೇಳಿಸಿತು. ಮೂವತ್ತು ವರ್ಷ ನಾಲ್ಕು ಒಲೆಗಳ ಸದ್ದಿನ ಮೇಲೆ ಮಾತಾಡಿದ ಗಂಟಲು ಅದು. ಅಷ್ಟರಲ್ಲಿ ಛತ್ರಿ ಹಿಡಿದ ಹೆಂಗಸೊಬ್ಬಳು ನಡುವೆ ತೂರಿ ಬಂದಳು.

"ಮೆಂತ್ಯ ಹೇಗೆ ಕೊಟ್ರಿ ಮಾವಶೀ?"

ಇವಳು ನಾಟಕದವಳಲ್ಲ, ನಿಜವಾದ ಗಿರಾಕಿ. ಕೌಸ್ತುಭ ಅವಳನ್ನು ತಡೆಯಲು ಕೈ ಚಾಚಿದ. ಶಾಲನ್‌ಕಾಕು ಕಣ್ಣು ಕೂಡ ಮಿಟುಕಿಸಲಿಲ್ಲ.

"ಕಟ್ಟು ಇಪ್ಪತ್ತು. ಈ ಕಡೇದು ತಗೋ, ಎಲೆ ಸಣ್ಣದಿದೆ." ಕಟ್ಟೊಂದನ್ನು ಝಾಡಿಸಿ ನೀರು ಕೊಡವಿ ಅವಳ ಚೀಲಕ್ಕೆ ಹಾಕಿದರು. ಆಮೇಲೆ ಹೇಮಾಂಗಿಯ ಕಡೆ ತಿರುಗಿದರು. "ನೋಡಿದ್ಯೇನಪ್ಪಾ ಸಾಹೇಬ? ಈಕೆ ಕಾಲು ಇಲ್ಲಿಗೆ ಬರುತ್ತೆ. ನಿನ್ನ ಪಾರ್ಕಿಂಗ್ ಹಿಂದೆ ಬರುತ್ತಾ, ಕೇಳು."

ಇದು ನಾಟಕದಲ್ಲಿ ಇರಲೇ ಇಲ್ಲ. ಛತ್ರಿಯವಳು ಗಾಬರಿಯಾದಳು. "ಅಯ್ಯೋ, ನಿಮ್ಮನ್ನ ಎಬ್ಬಿಸ್ತಾರಾ? ಯಾವಾಗ?" ಎಂದು ಅಲ್ಲೇ ನಿಂತಳು. ಆಚೆ ಕಟ್ಟೆಯ ಈರುಳ್ಳಿಯವನು "ಯಾರ್ರೀ ಅದು ಎಬ್ಬಿಸೋನು?" ಎಂದು ಎದ್ದೇ ನಿಂತ. ಹೇಮಾಂಗಿ ಮುಂದಿನ ಸಾಲು ಓದಿದಳು. ಅವಳ ದನಿ ನಡುಗುತ್ತಿತ್ತು. ಮುದುಕಿಯದ್ದಲ್ಲ, ಅಧಿಕಾರಿಯ ದನಿ ನಡುಗುತ್ತಿತ್ತು. ಶಾಲನ್‌ಕಾಕು ಮೆಂತ್ಯ ಚಿವುಟುತ್ತಲೇ ಒಂದೊಂದಾಗಿ ಉತ್ತರ ಕೊಟ್ಟರು. ಹೇಮಾಂಗಿಯ ಅಧಿಕಾರಿ ಪೆನ್ನು ಚಾಚಿದ. ಅವರು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಪೆನ್ನು ತೆಗೆದುಕೊಳ್ಳಲು ಎಂಬಂತೆ ಕೈ ಮುಂದೆ ತಂದು, ಹಾಗೇ ಗಾಳಿಯಲ್ಲಿ ನಿಲ್ಲಿಸಿ ಅವನ ಮುಖ ನೋಡಿದರು.

ಸ್ಟಾಪ್‌ವಾಚ್ ಪೀಪ್ ಎಂದಿತು.

"ಟೈಮ್," ಎಂದಳು ಹೇಮಾಂಗಿ.

"ಮುಂದೆ, ಮುಂದೆ!" ಕೌಸ್ತುಭ ಉಸಿರು ಕಟ್ಟಿದವನಂತೆ ಕೈ ಆಡಿಸಿದ. "ನಿಲ್ಸಬೇಡಿ!"

"ಎರಡೂವರೆ ನಿಮಿಷ ಆಯ್ತು, ದಾದಾ. ಒಂದು ಸೆಕೆಂಡ್ ಜಾಸ್ತಿ ಇಲ್ಲ ಅಂದಿದ್ರಿ. ಬರ್ಕೊಂಡಿದೀನಿ."

"ಏಯ್, ಆಕೆ ಏನು ಮಾಡ್ತಾಳೆ ನೋಡ್ಬೇಕಲ್ಲ! ಸಹಿ ಹಾಕ್ತಾಳಾ, ಪೆನ್ನು ಎಸೀತಾಳಾ?"

"ನೋಡ್ಬೇಕಂದ್ರೆ ಪಾತ್ರ ಕೊಡಿ. ಪುಕ್ಕಟೆ ತೋರ್ಸೋಕೆ ಇದೇನು ದಾನ ಅಲ್ಲ. ಅವರ ನಾಲ್ಕು ನಿಮಿಷ ಅವರಿಗೆ ಸಿಕ್ತು."

ಛತ್ರಿಯವಳು ಕದಲಿರಲಿಲ್ಲ. ಈರುಳ್ಳಿಯವನು ತಕ್ಕಡಿ ಹಿಡಿದೇ ನಿಂತಿದ್ದ. ಪೂರ್ವಾ ಸೌತೆಕಾಯಿ ಬಿಟ್ಟು, "ದಾದಾ, ಕಾಕುನೇ ಮಾಡ್ಲಿ," ಎಂದಳು. "ನಾನು ಆ ಅಧಿಕಾರಿ ಪಾತ್ರ ಮಾಡ್ತೀನಿ. ಹೆಂಗಸು ಅಧಿಕಾರಿ ಆಗ್ಬಾರ್ದಾ?"

ಕೌಸ್ತುಭ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಒಳ್ಳೆಯ ನಟನೆ ಕಣ್ಣ ಮುಂದೆ ಬಂದರೆ ಅದನ್ನು ಗುರುತಿಸದಷ್ಟು ಕುರುಡನಾಗಿರಲಿಲ್ಲ. ತಾನು ಹೇಳಿಕೊಟ್ಟದ್ದಲ್ಲದೆ ಬೇರೆ ಇದೆ ಎಂದು ಒಂಬತ್ತು ವರ್ಷದಲ್ಲಿ ಅವನಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ. ಅವನು ಗಡ್ಡ ಕೆರೆದುಕೊಂಡು ಮೆಂತ್ಯದ ಮೊರವನ್ನು ನೋಡಿದ.

"ಸರಿ. ಅಜ್ಜಿ ಪಾತ್ರ ನಿಮ್ದು ಕಾಕು." ಆಮೇಲೆ ಸೋತವನು ಕೊನೆಗೊಂದು ಕಾಸಾದರೂ ಉಳಿಸಿಕೊಳ್ಳಬೇಕಲ್ಲ, ಸೇರಿಸಿದ: "ಆದ್ರೆ ಕೂದಲು ಕಪ್ಪಾಗಿದೆ. ಪೌಡರ್ ಅಂತೂ ಹಾಕ್ಲೇಬೇಕು."

ಶಾಲನ್‌ಕಾಕು ಬೈತಲೆಯ ಮೇಲೆ ಬೆರಳಾಡಿಸಿದರು. "ಪೌಡರ್ ಯಾಕೆ? ಸುಳ್ಳು ಇರೋದು ಈ ಕಪ್ಪಲ್ಲಿ. ನಿಮ್ಮ ಮಧ್ಯೆ ಕೂರೋಕೆ ನಾಚಿಕೆ ಆಗಿ ಹಚ್ಚಿಸ್ಕೊಂಡಿದ್ದೆ. ಇನ್ನು ಹಚ್ಚಲ್ಲ. ಸ್ಪರ್ಧೆ ಹೊತ್ತಿಗೆ ಬೇರಿಂದ ತಾನಾಗೇ ಬೆಳ್ಳಗೆ ಬಂದಿರುತ್ತೆ."

ಹೇಮಾಂಗಿ ನೀಲಿ ಫೈಲು ಬಿಚ್ಚಿದಳು. ಸಾಮಾನಿನ ಪಟ್ಟಿಯ ಮೊದಲ ಸಾಲು: ಪೌಡರ್ ಡಬ್ಬಿ, ದೊಡ್ಡದು, ಒಂದು. ಕೆಂಪು ಪೆನ್ನಿನಿಂದ ಅದರ ಮೇಲೆ ಗೆರೆ ಎಳೆದು, ಕೆಳಗೆ ಬರೆದಳು: ಮೊರ, ಒಂದು. ಮೆಂತ್ಯ, ತಾಜಾ, ದಿನಾ.

ಕೌಸ್ತುಭ ಉಳಿದ ಪಾತ್ರಗಳನ್ನು ಒಂದೊಂದಾಗಿ ಹೇಳತೊಡಗಿದ. ಕಲಾಮಂಡಲದ ಕೋಣೆಯಲ್ಲಿ ಅವನು ಮೆಲ್ಲಗೆ ಮಾತಾಡಿದರೆ ಎಲ್ಲರೂ ಉಸಿರು ಹಿಡಿದು ಕೇಳುತ್ತಿದ್ದರು. ಇಲ್ಲಿ ಟೊಮೆಟೊದವನು ಕೂಗಿದ, ಎಲ್ಲೋ ಬುಟ್ಟಿ ಬಿತ್ತು, ಕಂಬದ ಬಳಿ ನಿಂತ ಹುಡುಗರು ಕಿವಿಗೆ ಕೈ ಹಿಡಿದು "ಏನು? ಏನಂತೆ?" ಎನ್ನುತ್ತಿದ್ದರು. ಅವನು ಇನ್ನಷ್ಟು ಕೂಗಲು ಹೋದ, ದನಿ ಒಡೆಯಿತು, ಕೆಮ್ಮು ಬಂತು.

"ನೀರ ಕೊಡ್ರಿ ಅವಗ," ಎಂದಳು ಆಜಿ.

ಕೌಸ್ತುಭ ನೀರು ಕುಡಿದು, ಬರೆದ ಹಾಳೆಯನ್ನು ಹೇಮಾಂಗಿಯ ಕಡೆ ಚಾಚಿದ. "ನೀನೇ ಓದು. ನನ್ನ ಗಂಟಲು ಇಲ್ಲಿ ನಡೆಯಲ್ಲ."

ಹೇಮಾಂಗಿ ಹಾಳೆಯ ಕೆಳಗೆ ಮೊದಲು ಸಹಿ ಹಾಕಿದಳು. ಆಮೇಲೆ ಚಪ್ಪಲಿ ಬಿಟ್ಟು ಆಜಿಯ ಕಟ್ಟೆ ಹತ್ತಿದಳು. ಆಜಿ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು. ಎರಡು ವರ್ಷ ಒಳಗೇ ಕಟ್ಟಿಟ್ಟಿದ್ದ ಆ ಮಂಡಯಿ ಗಂಟಲನ್ನು ಅವಳು ಪೂರ್ತಿ ಬಿಚ್ಚಿದಳು.

"ಅಜ್ಜಿ ಪಾತ್ರಕ್ಕೆ, ನಂಬರ್ ಇಪ್ಪತ್ತಮೂರು, ಶಾಲನ್ ಕುದಳೆ, ಮೊದಲನೇ ವರ್ಷದ ಬಿ.ಎ.!"

ಆಚೆ ತುದಿಯ ಬಾಗಿಲ ಬಳಿ ಬಾಳೆಹಣ್ಣು ಮಾರುತ್ತಿದ್ದವನೂ ತಿರುಗಿ ನೋಡಿದ.